ಅಕ್ಷರದ ವಯಸ್ಸು, ಆವೃತ್ತಿಯ ಲೆಕ್ಕ

ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಕೇತಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಗೆ ಸೇರಿದ ಪ್ರತಿ ಅಕ್ಷರಕ್ಕೂ ಒಂದು ವಯಸ್ಸಿದೆ. ಯೂನಿಕೋಡ್‌ನ ಯಾವ ಆವೃತ್ತಿಯಲ್ಲಿ ಆ ಅಕ್ಷರ ಮೊದಲು ಕಾಣಿಸಿಕೊಂಡಿತೋ ಅದೇ ಅದರ ವಯಸ್ಸು. ಈ ವಿವರವನ್ನು ಇಟ್ಟುಕೊಂಡಿರುವ ಕಡತದ ಹೆಸರು 'ಡಿರೈವ್ಡ್‌ಏಜ್'. ಅದು ಯಾರು ಬೇಕಾದರೂ ಇಳಿಸಿಕೊಂಡು ಓದಬಹುದಾದ ಸಾದಾ ಪಠ್ಯ ಕಡತ. ಸಾಲಿನ ಎಡಕ್ಕೆ ಅಕ್ಷರದ ಸಂಕೇತಸಂಖ್ಯೆ, ನಂತರ ಒಂದು ಅರ್ಧವಿರಾಮ, ಆಮೇಲೆ 1.1 ಅಥವಾ 14.0 ಎಂಬಂಥ ಆವೃತ್ತಿ ಸಂಖ್ಯೆ, ಕೊನೆಗೆ ಹ್ಯಾಶ್ ಗುರುತಿನ ಮುಂದೆ ಮನುಷ್ಯರ ಕಣ್ಣಿಗೆಂದು ಬರೆದ ಟಿಪ್ಪಣಿ. ಫಾಂಟ್ ತಯಾರಿಸುವವರು, ಹುಡುಕುಯಂತ್ರ ಕಟ್ಟುವವರು, ಕೀಲಿಮಣೆಯ ಆ್ಯಪ್ ಬರೆಯುವವರು ಇಂಥ ಕಡತಗಳನ್ನು ಪ್ರೋಗ್ರಾಂ ಮೂಲಕ ಓದಿಸುತ್ತಾರೆ. ಓದಿದ ಮೇಲೆ ಎರಡು ಆವೃತ್ತಿಗಳಲ್ಲಿ ಯಾವುದು ಹಿಂದಿನದು, ಯಾವುದು ಮುಂದಿನದು ಎಂದು ಹೋಲಿಸುವ ಕೆಲಸ ಬರುತ್ತದೆ. ತೀರಾ ಸುಲಭವೆಂದು ತೋರುವ ಈ ಹೋಲಿಕೆಯಲ್ಲೇ ಅನೇಕ ಪ್ರೋಗ್ರಾಂಗಳು ಎಡವುತ್ತವೆ. ಎಡವಿದಾಗ ಕನ್ನಡದ ಅಕ್ಷರಗಳಿಗೆ ಬೀಳುವ ಪೆಟ್ಟು ಸಣ್ಣದಲ್ಲ.

ಕಾರಣ, ಕನ್ನಡದ ಅಕ್ಷರಗಳು ಒಂದೇ ಸಲಕ್ಕೆ ಬಂದವಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಜಾಗ ದಶಮಾನ ಲೆಕ್ಕದಲ್ಲಿ 3200ರಿಂದ 3327ರವರೆಗೆ, ಒಟ್ಟು 128 ಮನೆಗಳು. ಸ್ವರ, ವ್ಯಂಜನ, ಮಾತ್ರೆ, ಅಂಕಿಗಳೆಲ್ಲ ಸೇರಿ 80 ಅಕ್ಷರಗಳು ಆರಂಭದಲ್ಲೇ ಬಂದವು. 1993ರ 1.1 ಆವೃತ್ತಿಯೇ ಈ ಕಡತದಲ್ಲಿ ಅವುಗಳ ವಯಸ್ಸು. ಫ಼ ಮತ್ತು ಜ಼ ಬರೆಯಲು ಬೇಕಾದ ಕೆಳಗಿನ ಚುಕ್ಕಿ, ಅಂದರೆ ನುಕ್ತ, ಮತ್ತು ಅವಗ್ರಹ 2003ರ 4.0 ಆವೃತ್ತಿಯವರೆಗೆ ಕಾಯಬೇಕಾಯಿತು. 2006ರ 5.0ರಲ್ಲಿ ನಾಲ್ಕು ಸೇರಿದವು: ಌ ಮತ್ತು ೡ ಸ್ವರಗಳ ಮಾತ್ರೆಗಳು, ಜಿಹ್ವಾಮೂಲೀಯ, ಉಪಧ್ಮಾನೀಯ. ಮುಂದೆ ಒಂದೊಂದಾಗಿ 7.0ರಲ್ಲಿ ಚಂದ್ರಬಿಂದು, 9.0ರಲ್ಲಿ ಸ್ವತಂತ್ರವಾಗಿ ಜಾಗ ಹಿಡಿಯುವ ಇನ್ನೊಂದು ಚಂದ್ರಬಿಂದು, 11.0ರಲ್ಲಿ ಬರಹದ ಆರಂಭಕ್ಕೆ ಮಂಗಳಸೂಚಕವಾಗಿ ಹಾಕುತ್ತಿದ್ದ ಸಿದ್ಧಂ ಚಿಹ್ನೆ, 14.0ರಲ್ಲಿ ಸ್ವರವಿಲ್ಲದ ನಕಾರಕ್ಕೆ ಹಿಂದೆ ಬಳಸುತ್ತಿದ್ದ ವಿಶೇಷ ರೂಪವಾದ ನಕಾರ ಪೊಲ್ಲು, 15.0ರಲ್ಲಿ ಕೊಂಕಣಿಯಂಥ ಭಾಷೆಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಅನುನಾಸಿಕ ಉಚ್ಚಾರವನ್ನು ತೋರಿಸುವ ಬಲಮೇಲಿನ ಅನುಸ್ವಾರ, 2025ರ 17.0ರಲ್ಲಿ ಶ್ರೀಕಾರದ ಒಂದು ಪ್ರಾಚೀನ ರೂಪ. ಎಲ್ಲ ಸೇರಿ ಈಗ 92.

ಈ ಪಟ್ಟಿಯನ್ನು ಕಂಪ್ಯೂಟರ್ ಪಠ್ಯವೆಂದು ಬಗೆದು ಜೋಡಿಸಿದರೆ ಏನಾಗುತ್ತದೆ? ಪಠ್ಯದ ಹೋಲಿಕೆ ನಿಘಂಟಿನ ಕ್ರಮದಲ್ಲಿ ನಡೆಯುತ್ತದೆ. ಎಡದಿಂದ ಒಂದೊಂದೇ ಅಕ್ಷರವನ್ನು ನೋಡುತ್ತ ಹೋಗಿ ಮೊದಲ ವ್ಯತ್ಯಾಸ ಸಿಕ್ಕಲ್ಲೇ ತೀರ್ಪು ಕೊಡುತ್ತದೆ. 1 ಎಂಬ ಅಂಕಿ 9ಕ್ಕಿಂತ ಮೊದಲು ಬರುವುದರಿಂದ 10.0 ಎಂಬುದು 9.0ಕ್ಕಿಂತ ಹಳೆಯದಾಗಿಬಿಡುತ್ತದೆ. ಬೆಂಗಳೂರಿನ ಆರ್.ಟಿ. ನಗರದಂಥ ಬಡಾವಣೆಯ ವಿಳಾಸಗಳನ್ನು ಎಕ್ಸೆಲ್‌ನಲ್ಲಿ ಜೋಡಿಸಿದಾಗ 10ನೇ ಕ್ರಾಸ್ ಮೊದಲು ಬಂದು 2ನೇ ಕ್ರಾಸ್ ಅದರ ಹಿಂದೆ ನಿಲ್ಲುವುದು ಇದೇ ಕಾರಣಕ್ಕೆ. ಕನ್ನಡದ ವಯಸ್ಸುಗಳು ಹೀಗೆ ಜೋಡಣೆಯಾದರೆ ಕ್ರಮ 1.1, 11.0, 14.0, 15.0, 17.0, 4.0, 5.0, 7.0, 9.0 ಆಗುತ್ತದೆ. 2025ರಲ್ಲಿ ಬಂದ ಶ್ರೀಕಾರ 2003ರ ಅವಗ್ರಹಕ್ಕಿಂತ ಹಿರಿಯದು!

ಇದರ ಪರಿಣಾಮವನ್ನು ಲೆಕ್ಕ ಹಾಕಿಯೇ ನೋಡಬಹುದು. ಒಂದು ಪ್ರೋಗ್ರಾಂ 15.0ರವರೆಗಿನ ಅಕ್ಷರಗಳನ್ನು ಮಾತ್ರ ಒಪ್ಪಬೇಕು ಎಂದಿಟ್ಟುಕೊಳ್ಳೋಣ. ಸರಿಯಾದ ಉತ್ತರ 91. ಪಠ್ಯದ ಹೋಲಿಕೆಯಲ್ಲಿ 1.1, 11.0, 14.0, 15.0 ಮಾತ್ರ ಪಾಸಾಗುತ್ತವೆ. 4.0, 5.0, 7.0, 9.0 ಎಲ್ಲವೂ 15.0ಕ್ಕಿಂತ 'ದೊಡ್ಡವು' ಎನಿಸಿ ಹೊರಬೀಳುತ್ತವೆ. ಉಳಿಯುವುದು 83. ನುಕ್ತವಿಲ್ಲ, ಅವಗ್ರಹವಿಲ್ಲ, ಜಿಹ್ವಾಮೂಲೀಯವಿಲ್ಲ, ಚಂದ್ರಬಿಂದುವಿಲ್ಲ. ದಿನನಿತ್ಯದ ಓದುಗನಿಗೆ ಇವುಗಳಲ್ಲಿ ಕೆಲವು ಅಪರಿಚಿತ ಇರಬಹುದು, ಆದರೆ ಇದೇ ತಪ್ಪು ರೂಪಾಯಿ ಚಿಹ್ನೆಯನ್ನೂ ನುಂಗುತ್ತದೆ. ಕೇಂದ್ರ ಸಂಪುಟ 2010ರ ಜುಲೈ 15ರಂದು ಒಪ್ಪಿದ ₹ ಚಿಹ್ನೆ ಅದೇ ವರ್ಷದ ಅಕ್ಟೋಬರ್‌ನಲ್ಲಿ 6.0 ಆವೃತ್ತಿಯೊಂದಿಗೆ ಯೂನಿಕೋಡ್ ಸೇರಿತು. ಪಠ್ಯವಾಗಿ ನೋಡಿದರೆ 6.0 ಕೂಡ 15.0ಕ್ಕಿಂತ ಮುಂದಿನದೇ.

ಮಿತಿಯನ್ನು 5.0ಕ್ಕೆ ಇಳಿಸಿದರೆ ತಪ್ಪು ದಿಕ್ಕು ಬದಲಿಸುತ್ತದೆ. ಹಳೆಯ ಫಾಂಟ್ ಒಂದಕ್ಕೆ 5.0ರವರೆಗಿನ 86 ಅಕ್ಷರಗಳನ್ನಷ್ಟೇ ಕಳಿಸಬೇಕಾದಲ್ಲಿ ಸಿದ್ಧಂ, ನಕಾರ ಪೊಲ್ಲು, ಬಲಮೇಲಿನ ಅನುಸ್ವಾರ, ಪ್ರಾಚೀನ ಶ್ರೀ ನಾಲ್ಕೂ ಒಳನುಗ್ಗುತ್ತವೆ. ಫಾಂಟ್‌ನಲ್ಲಿ ಅವಕ್ಕೆ ರೂಪವಿಲ್ಲದ ಕಾರಣ ಪರದೆಯ ಮೇಲೆ ಖಾಲಿ ಚೌಕ ಕಾಣುತ್ತದೆ. ಯಾವ ಸಂದರ್ಭದಲ್ಲೂ ಪ್ರೋಗ್ರಾಂ ನಿಲ್ಲುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಈ ದೋಷದ ಕೆಟ್ಟ ಗುಣ ಇದೇ.

ಇನ್ನೂ ಒಂದು ಗುಣವಿದೆ. ಯೂನಿಕೋಡ್‌ನ 1.1ರಿಂದ 9.0ರವರೆಗಿನ ಎಲ್ಲ ಆವೃತ್ತಿಗಳನ್ನು, ನಡುವಿನ 2.1.9 ಮತ್ತು 4.0.1 ಸೇರಿದಂತೆ, ಪಠ್ಯದಂತೆ ಹೋಲಿಸಿದರೂ ಉತ್ತರ ಸರಿಯಾಗಿಯೇ ಬರುತ್ತಿತ್ತು. 1993ರಿಂದ 2016ರವರೆಗೆ ತಪ್ಪು ವಿಧಾನ ಸರಿಯಾದ ಉತ್ತರವನ್ನೇ ಕೊಟ್ಟಿತು. 2017ರ ಜೂನ್‌ನಲ್ಲಿ 10.0 ಬಂದಾಗ ಮಾತ್ರ ಒಳಗಿದ್ದ ಹುಳುಕು ಹೊರಬೀಳುವ ಹೊತ್ತು ಬಂತು. ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆದ ಕೋಡ್ ಎಂಬ ನಂಬಿಕೆಯೇ ಇಲ್ಲಿ ಮೋಸ ಮಾಡುತ್ತದೆ. ಹತ್ತರ ಈ ಗಡಿ ಬೇರೆಡೆಯೂ ಕಾಡಿದೆ. 2009ರಲ್ಲಿ ಒಪೆರಾ ಬ್ರೌಸರ್ ತನ್ನ 10ನೇ ಆವೃತ್ತಿಯನ್ನು ಹೊರತಂದಾಗ ಅನೇಕ ಜಾಲತಾಣಗಳು ಮೊದಲ ಒಂದೇ ಅಂಕಿಯನ್ನು ಓದಿ ಅದನ್ನು 1ನೇ ಆವೃತ್ತಿ ಎಂದು ಬಗೆದವು. ಕಡೆಗೆ ಆ ಬ್ರೌಸರ್ ತನ್ನ ಗುರುತಿನ ಸಾಲಿನ ಮೊದಲಲ್ಲಿ 9.80 ಎಂದೇ ಬರೆದುಕೊಂಡು, ನಿಜವಾದ ಆವೃತ್ತಿಯನ್ನು ಸಾಲಿನ ಕೊನೆಗೆ ಸೇರಿಸಬೇಕಾಯಿತು.

ಪಠ್ಯ ಬೇಡವೆಂದವರು ಸಾಮಾನ್ಯವಾಗಿ ಹಿಡಿಯುವ ಎರಡನೆಯ ದಾರಿ ದಶಮಾಂಶ. 15.1 ಎಂಬುದನ್ನು ಹದಿನೈದು ಪಾಯಿಂಟ್ ಒಂದು ಎಂಬ ಸಂಖ್ಯೆಯಾಗಿ ಓದಿದರೆ ಅದು 15.0ಕ್ಕಿಂತ ದೊಡ್ಡದು, 16.0ಕ್ಕಿಂತ ಚಿಕ್ಕದು. ಇಂದಿನವರೆಗಿನ ವಯಸ್ಸಿನ ಕಡತದಲ್ಲಿ ಇದು ಎಲ್ಲೂ ಸೋಲುವುದಿಲ್ಲ. ಆದರೂ ಈ ದಾರಿ ಮೊದಲಿನದರಷ್ಟೇ ಅಪಾಯದ್ದು, ಏಕೆಂದರೆ ಇದೂ ಅದೃಷ್ಟದಿಂದ ಸರಿಯಾಗಿದೆ. ಆವೃತ್ತಿಯಲ್ಲಿರುವ ಚುಕ್ಕಿ ದಶಮಾಂಶ ಬಿಂದುವಲ್ಲ, ಎರಡು ಪೂರ್ಣಾಂಕಗಳ ನಡುವಿನ ಗೆರೆ ಅಷ್ಟೇ. ಪೈಥಾನ್ ಭಾಷೆಯ 3.10 ಆವೃತ್ತಿ 2021ರ ಅಕ್ಟೋಬರ್‌ನಲ್ಲಿ ಬಂದಾಗ, ಉದ್ಧರಣ ಚಿಹ್ನೆಯಿಲ್ಲದೆ ಆ ಸಂಖ್ಯೆ ಬರೆದಿದ್ದ ಯಾಮಲ್ ಸಂರಚನಾ ಕಡತಗಳಲ್ಲಿ ಅದು 3.1 ಎಂದು ಓದಿಸಿಕೊಂಡಿತು. ಕೊನೆಯ ಸೊನ್ನೆಗೆ ದಶಮಾಂಶದಲ್ಲಿ ಬೆಲೆಯಿಲ್ಲ, ಆವೃತ್ತಿಯಲ್ಲಿ ಹತ್ತರಷ್ಟು ಬೆಲೆಯಿದೆ. ಇನ್ನು 4.0.1ರಂಥ ಮೂರು ಭಾಗದ ಸಂಖ್ಯೆಯಂತೂ ದಶಮಾಂಶವಾಗಿ ಓದಲು ಬರುವುದೇ ಇಲ್ಲ.

ಮೂರು ಭಾಗದ ಸಂಖ್ಯೆ ಎಲ್ಲಿ ಸಿಗುತ್ತದೆ? ಇಲ್ಲಿ ಎರಡು ಬೇರೆ ಬೇರೆ ಆವೃತ್ತಿಗಳನ್ನು ಗುರುತಿಸಿಕೊಳ್ಳಬೇಕು. ಒಂದು, ಕಡತದೊಳಗಿನ ಸಾಲಿನಲ್ಲಿರುವ ಅಕ್ಷರದ ವಯಸ್ಸು. ಇನ್ನೊಂದು, ಕಡತದ ತಲೆಯ ಮೇಲೆ ಬರೆದಿರುವ ಕಡತದ್ದೇ ಆವೃತ್ತಿ. ಮೊದಲನೆಯದಕ್ಕೆ ಎರಡೇ ಭಾಗ, 15.0. ಎರಡನೆಯದಕ್ಕೆ ಪ್ರಧಾನ, ಉಪ, ಪರಿಷ್ಕರಣ ಎಂದು ಮೂರು ಭಾಗ, 15.0.0. ಈ ಎರಡನ್ನೂ ಒಂದೇ ಎಂದು ಬಗೆಯುವವರು ಕನ್ನಡದ ಜಿಹ್ವಾಮೂಲೀಯದ ಕಥೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಸಂಸ್ಕೃತದಲ್ಲಿ ಕ, ಖಗಳ ಮೊದಲು ಬರುವ ವಿಸರ್ಗದ ವಿಶೇಷ ಉಚ್ಚಾರ ಜಿಹ್ವಾಮೂಲೀಯ. ಪ, ಫಗಳ ಮೊದಲು ಬರುವುದು ಉಪಧ್ಮಾನೀಯ. ಕನ್ನಡ ಲಿಪಿಯಲ್ಲಿ ಅಚ್ಚಾದ ಸಂಸ್ಕೃತ ಗ್ರಂಥಗಳಲ್ಲಿ ಇವು ಕಾಣಸಿಗುತ್ತವೆ. 3313 ಮತ್ತು 3314ನೇ ಮನೆಗಳಲ್ಲಿರುವ ಈ ಎರಡನ್ನೂ 5.0 ಆವೃತ್ತಿ ಸೇರಿಸಿಕೊಂಡಾಗ 'ಇತರ ಚಿಹ್ನೆ' ಎಂಬ ವರ್ಗಕ್ಕೆ ಹಾಕಿತ್ತು, ಅಂದರೆ ಬಾಣದ ಗುರುತು, ನಕ್ಷತ್ರದ ಗುರುತುಗಳ ಸಾಲಿಗೆ. 2010ರ 6.0 ಆವೃತ್ತಿ ಇದನ್ನು ತಿದ್ದಿ 'ಇತರ ಅಕ್ಷರ' ಎಂಬ ವರ್ಗಕ್ಕೆ ತಂದಿತು. ನೋಡಲು ಚಿಕ್ಕ ತಿದ್ದುಪಡಿ. ಆದರೆ ಅಂತರ್ಜಾಲದ ಹೆಸರುಗಳಲ್ಲಿ ಯಾವ ಅಕ್ಷರ ಬಳಸಬಹುದು, ಯಾವುದು ಬಳಸಕೂಡದು ಎಂಬ ನಿಯಮ ಇದೇ ವರ್ಗವನ್ನು ನೆಚ್ಚಿಕೊಂಡಿದೆ. ಚಿಹ್ನೆಯಾಗಿದ್ದಾಗ ನಿಷಿದ್ಧವಾಗಿದ್ದ ಈ ಎರಡು ಕನ್ನಡ ಅಕ್ಷರಗಳು ಅಕ್ಷರವೆನಿಸಿಕೊಂಡ ದಿನದಿಂದ ಅನುಮತಿ ಪಡೆದವು. ಹೊಸ ತಾಯ್‌ಲ್ಯೂ ಲಿಪಿಯ ಒಂದು ಅಂಕಿಗೆ ಇದರ ತದ್ವಿರುದ್ಧ ಗತಿಯಾಯಿತು. ಇಷ್ಟು ಮೂರು ಅಕ್ಷರಗಳ ಬದಲಾವಣೆಯನ್ನೇ ಪರಿಶೀಲಿಸಲು ಅಂತರ್ಜಾಲದ ಮಾನಕಗಳನ್ನು ರೂಪಿಸುವ ಐಇಟಿಎಫ್ 2011ರ ನವೆಂಬರ್‌ನಲ್ಲಿ 'ಆರ್‌ಎಫ್‌ಸಿ 6452' ಎಂಬ ದಾಖಲೆಯನ್ನು ಹೊರತಂದು, ನಿಯಮಕ್ಕೆ ಯಾವ ವಿನಾಯಿತಿಯನ್ನೂ ಸೇರಿಸುವುದು ಬೇಡ ಎಂದು ತೀರ್ಮಾನಿಸಿತು. ಕನ್ನಡದ ಎರಡು ಅಪರೂಪದ ಅಕ್ಷರಗಳ ಬಗ್ಗೆ ಜಾಗತಿಕ ಮಟ್ಟದಲ್ಲಿ ಇಷ್ಟು ಎಚ್ಚರದ ಚರ್ಚೆ ನಡೆದದ್ದು ಕನ್ನಡಿಗರು ತಿಳಿದಿರಬೇಕಾದ ಸಂಗತಿ.

ಈ ಎರಡು ಅಕ್ಷರಗಳ ವಯಸ್ಸು ಅಂದೂ 5.0, ಇಂದೂ 5.0. ವಯಸ್ಸು ಎಂದಿಗೂ ಬದಲಾಗುವುದಿಲ್ಲ. ಬದಲಾದದ್ದು ವರ್ಗ. ಅದನ್ನು ತಿಳಿಯಲು ಕಡತದ ಆವೃತ್ತಿ 6.0.0 ಅಥವಾ ಅದಕ್ಕಿಂತ ಮುಂದಿನದೇ ಎಂದು ಕೇಳಬೇಕು. ಹಳೆಯ ಮತ್ತು ಹೊಸ ಕಡತ ಎರಡನ್ನೂ ಓದುವ ಪ್ರೋಗ್ರಾಂ ಒಂದು ಈ ಪ್ರಶ್ನೆಯನ್ನು ಪಠ್ಯದ ಹೋಲಿಕೆಯಿಂದ ಕೇಳಿದರೆ, 9.0.0ರವರೆಗೆ ಸರಿಯಾಗಿ ನಡೆದು 10.0.0ರಲ್ಲಿ ಮತ್ತೆ 5.0ರ ಕಾಲಕ್ಕೆ ಜಾರುತ್ತದೆ. ಜಿಹ್ವಾಮೂಲೀಯ ಮತ್ತೆ ಚಿಹ್ನೆಯಾಗುತ್ತದೆ, ಅದಿರುವ ಪದ ಹುಡುಕಾಟದಲ್ಲಿ ಎರಡು ತುಂಡಾಗುತ್ತದೆ.

ತಿದ್ದಬೇಕಾದುದನ್ನು ಕೆಲವೊಮ್ಮೆ ತಿದ್ದಲಾಗದು ಎಂಬುದಕ್ಕೂ ಕನ್ನಡದಲ್ಲೇ ನಿದರ್ಶನವಿದೆ. ಹಳಗನ್ನಡದ ೞ ಅಕ್ಷರ 3294ನೇ ಮನೆಯಲ್ಲಿದೆ. ಯೂನಿಕೋಡ್ ಅದಕ್ಕೆ ಕೊಟ್ಟ ಇಂಗ್ಲಿಷ್ ಹೆಸರು 'ಕನ್ನಡ ಲೆಟರ್ ಫಾ'. ಫಕಾರಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದು ಎಂಬ ಕಟ್ಟುಪಾಡು ಇರುವುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರನ್ನು ಪರ್ಯಾಯ ಹೆಸರುಗಳ ಬೇರೊಂದು ಕಡತದಲ್ಲಿ ದಾಖಲಿಸಲಾಗಿದೆ.

ೞದಂಥ ಹಳೆಯ ಅಕ್ಷರಗಳು ಉತ್ತರ ಬೆಂಗಳೂರಿಗೆ ದೂರದವಲ್ಲ. ಹೆಬ್ಬಾಳದಲ್ಲಿ 2018ರಲ್ಲಿ ಪತ್ತೆಯಾದ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು, ಗಂಗ ದೊರೆ ಶ್ರೀಪುರುಷನ ಕಾಲದ್ದು. ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನಗಳ ಸಾಲಿನಲ್ಲಿ ಅದಕ್ಕೆ ಮುಂಚೂಣಿಯ ಸ್ಥಾನ. ಆ ಕಾಲದ ಕನ್ನಡದಲ್ಲಿ ೞ, ಱ ಎರಡೂ ಜೀವಂತವಾಗಿದ್ದವು. ನಗರದ ಇಂಥ ಶಾಸನಗಳನ್ನು ಮಿಥಿಕ್ ಸೊಸೈಟಿ ಎಂಬ ಸಂಸ್ಥೆ ಮೂರು ಆಯಾಮದ ಸ್ಕ್ಯಾನ್ ಮಾಡಿ ಡಿಜಿಟಲ್ ರೂಪದಲ್ಲಿ ಉಳಿಸುವ ಕೆಲಸ ಮಾಡುತ್ತಿದೆ. ಕಲ್ಲಿನ ಚಿತ್ರದ ಜೊತೆಗೆ ಶಾಸನದ ಪಾಠವನ್ನು ಹುಡುಕಲು ಬರುವ ಪಠ್ಯವಾಗಿ ಇಡಬೇಕೆಂದರೆ ಬೇಕಾಗುವುದು ಯೂನಿಕೋಡ್. ೞ, ಱ ಮೊದಲಿನಿಂದಲೂ ಪಟ್ಟಿಯಲ್ಲಿವೆ. ಆದರೆ ಸಿದ್ಧಂ, ನಕಾರ ಪೊಲ್ಲು, ಪ್ರಾಚೀನ ಶ್ರೀ ಬಂದದ್ದು 11.0, 14.0, 17.0ರಲ್ಲಿ, ಹತ್ತರ ಗಡಿ ದಾಟಿದ ಮೇಲೆ. ಶಾಸನ ಮತ್ತು ತಾಳೆಗರಿಗಳ ಪಾಠವನ್ನು ಮೂಲದಂತೆಯೇ ಬರೆಯಲು ನೆರವಾಗುವ ಅಕ್ಷರಗಳೇ ಆವೃತ್ತಿ ಹೋಲಿಕೆಯ ತಪ್ಪಿಗೆ ಮೊದಲು ಸಿಕ್ಕಿಬೀಳುವ ಜಾಗದಲ್ಲಿವೆ. ಹಾಗಾಗಿ ಹೋಲಿಕೆಯ ವಿಷಯವನ್ನು ತಂತ್ರಜ್ಞರ ಸಣ್ಣ ತಕರಾರೆಂದು ತಳ್ಳಿಹಾಕುವಂತಿಲ್ಲ.

ಸರಿಯಾದ ವಿಧಾನ ಕಷ್ಟದ್ದೇನಲ್ಲ. ಸಂಖ್ಯೆಯನ್ನು ಚುಕ್ಕಿಯ ಜಾಗದಲ್ಲಿ ಒಡೆದು ಪ್ರತಿ ತುಂಡನ್ನೂ ಪೂರ್ಣಾಂಕವಾಗಿ ಓದಬೇಕು. ಮೊದಲು ಪ್ರಧಾನ ಭಾಗಗಳನ್ನು ಹೋಲಿಸಬೇಕು. ಅವು ಸಮವಾದರೆ ಉಪಭಾಗ, ಅದೂ ಸಮವಾದರೆ ಪರಿಷ್ಕರಣ. 10.0ರಲ್ಲಿ 10, 9.0ರಲ್ಲಿ 9. ಅಲ್ಲಿಗೆ ವಿಷಯ ಮುಗಿಯಿತು. ಮೊಬೈಲ್ ಮತ್ತು ಬ್ರೌಸರ್‌ಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಐಸಿಯು ಎಂಬ ತಂತ್ರಾಂಶ ಸಂಗ್ರಹ ಇದೇ ಕೆಲಸವನ್ನು ಚೊಕ್ಕವಾಗಿ ಮಾಡುತ್ತದೆ. ಅದು ಪ್ರತಿ ಆವೃತ್ತಿಯನ್ನೂ ನಾಲ್ಕು ಬೈಟ್‌ಗಳಲ್ಲಿ ಇಡುತ್ತದೆ, ಒಂದು ಭಾಗಕ್ಕೆ ಒಂದು ಬೈಟ್. 10 ಎಂಬುದು ಅಲ್ಲಿ ಎರಡು ಅಂಕಿಯಾಗಿ ಇರುವುದಿಲ್ಲ, ಒಂದೇ ಬೈಟ್‌ನ ಬೆಲೆಯಾಗಿ ಇರುತ್ತದೆ. ಹೀಗೆ ಇಟ್ಟ ಮೇಲೆ ಎಡದಿಂದ ಬಲಕ್ಕೆ ಬೈಟ್ ಬೈಟ್ ಹೋಲಿಸುವ ಅತಿ ಸರಳ ವಿಧಾನವೂ ಸರಿಯುತ್ತರವನ್ನೇ ಕೊಡುತ್ತದೆ. ಪರ್ಲ್ ಭಾಷೆಯಲ್ಲೂ ಆವೃತ್ತಿಯ ಭಾಗಗಳನ್ನು ಹೀಗೆ ಬೈಟ್‌ಗಳಾಗಿ ಕಟ್ಟಿ ಹೋಲಿಸುವ ರೂಢಿಯಿದೆ.

ಹೋಲಿಕೆಗಿಂತ ಹೆಚ್ಚು ಎಚ್ಚರ ಬೇಕಾಗಿರುವುದು ಓದುವಾಗ. 5.0 ಮತ್ತು 5.0.0 ಒಂದೇ ಆವೃತ್ತಿ. ಆದರೆ ಪೈಥಾನ್‌ನಲ್ಲಿ ಎರಡು ಭಾಗದ ಸರಣಿಯನ್ನು ಮೂರು ಭಾಗದ ಸರಣಿಯೊಂದಿಗೆ ಹೋಲಿಸಿದರೆ ಮೊದಲೆರಡು ಭಾಗ ಸಮವಾಗಿದ್ದಲ್ಲಿ ಉದ್ದ ಕಡಿಮೆಯಿರುವುದು ಚಿಕ್ಕದು ಎಂಬ ಉತ್ತರ ಬರುತ್ತದೆ. ವಯಸ್ಸಿನ ಎರಡು ಭಾಗಕ್ಕೂ ಕಡತದ ಮೂರು ಭಾಗಕ್ಕೂ ಹೋಲಿಕೆ ನಡೆಯುವ ಕಡೆ ಇದು ತಪ್ಪದೆ ಎದುರಾಗುತ್ತದೆ. ಓದಿದ ಕೂಡಲೇ ಕೊರತೆಯ ಭಾಗಕ್ಕೆ ಸೊನ್ನೆ ತುಂಬಿ ಎಲ್ಲವನ್ನೂ ಮೂರು ಭಾಗಕ್ಕೆ ತಂದುಬಿಡುವುದೇ ಪರಿಹಾರ. ಗುಣಗಳ ಅಡ್ಡಹೆಸರು ಕೊಡುವ ಇನ್ನೊಂದು ಕಡತದಲ್ಲಿ ಇದೇ ವಯಸ್ಸು ಚುಕ್ಕಿಯ ಬದಲು ಅಡಿಗೆರೆ ಹಾಕಿಕೊಂಡು, ಆರಂಭಕ್ಕೆ 'ವಿ' ಅಕ್ಷರ ಸೇರಿಸಿಕೊಂಡು ಬರುತ್ತದೆ. ಅದನ್ನೂ ಅದೇ ಅಚ್ಚಿಗೆ ಇಳಿಸಬೇಕು.

ಕರಡುಗಳದ್ದು ಬೇರೆಯೇ ತೊಡಕು. ಹೊಸ ಆವೃತ್ತಿ ಪರೀಕ್ಷೆಯ ಹಂತದಲ್ಲಿರುವಾಗ ಕಡತದ ಹೆಸರಿನ ಸಂಖ್ಯೆಯ ಹಿಂದೆ 'ಡಿ' ಅಕ್ಷರವನ್ನೂ ಕರಡಿನ ಕ್ರಮಸಂಖ್ಯೆಯನ್ನೂ ಹಚ್ಚುವ ಪದ್ಧತಿಯಿತ್ತು. ಆ ಬಾಲವನ್ನು ಸುಮ್ಮನೆ ಕತ್ತರಿಸಿದರೆ ಕರಡು ಮತ್ತು ಅಂತಿಮ ಎರಡೂ ಸಮವಾಗುತ್ತವೆ. ಬಾಲ ಇರುವುದನ್ನು ಅಂತಿಮಕ್ಕಿಂತ ಹಿಂದಿನದೆಂದು ಗುರುತಿಸಬೇಕು. ಹಳೆಯ ಸಂಗ್ರಹದ ಫೋಲ್ಡರ್‌ಗಳ ಹೆಸರಂತೂ ಇನ್ನಷ್ಟು ದಾರಿ ತಪ್ಪಿಸುತ್ತದೆ. '4.0-ಅಪ್‌ಡೇಟ್1' ಎಂದರೆ 4.0.1 ನಿಜ, ಆದರೆ '2.1-ಅಪ್‌ಡೇಟ್4' ಎಂದರೆ 2.1.4 ಅಲ್ಲ, 2.1.9. ಇಂಥ ಕಡೆ ಯಾವ ಸೂತ್ರವೂ ನಡೆಯದು. ಹೆಸರಿಗೂ ಆವೃತ್ತಿಗೂ ಹೊಂದಿಕೆಯ ಪಟ್ಟಿಯೊಂದನ್ನು ಕೈಯಿಂದಲೇ ಬರೆದಿಟ್ಟುಕೊಳ್ಳಬೇಕು. 4.1.0ರಿಂದ ಮುಂದಕ್ಕೆ ಫೋಲ್ಡರ್‌ಗಳಿಗೆ ನೇರ ಸಂಖ್ಯೆಯೇ ಹೆಸರು. ಎಲ್ಲಕ್ಕಿಂತ ಮುಖ್ಯವಾದ 'ಯೂನಿಕೋಡ್‌ಡೇಟಾ' ಕಡತದೊಳಗೆ ಆವೃತ್ತಿಯ ಸಾಲೇ ಇಲ್ಲದ ಕಾರಣ, ಅದನ್ನು ಇಳಿಸಿಕೊಂಡ ಜಾಗದ ಹೆಸರನ್ನು ಜತನವಾಗಿ ಇಟ್ಟುಕೊಳ್ಳದೆ ಗತಿಯಿಲ್ಲ.

ಅಂಕಿಗಳನ್ನು ಗುರುತಿಸುವಲ್ಲೂ ಒಂದು ಸೂಕ್ಷ್ಮವಿದೆ. ಪೈಥಾನ್‌ನಂಥ ಭಾಷೆಗಳಲ್ಲಿ 'ಯಾವುದಾದರೂ ಅಂಕಿ' ಎಂಬ ನಮೂನೆಗೆ ಕನ್ನಡದ ೧, ೨, ೩ ಕೂಡ ಹೊಂದುತ್ತವೆ, ಪಠ್ಯವನ್ನು ಪೂರ್ಣಾಂಕವಾಗಿಸುವ ಆಜ್ಞೆ ೧೦ ಎಂಬುದನ್ನು ಹತ್ತು ಎಂದೇ ಓದಿ ಕೊಡುತ್ತದೆ. ಕನ್ನಡ ಪಠ್ಯ ಓದುವಾಗ ಇದು ವರದಾನ. ಆದರೆ ಆವೃತ್ತಿಯ ಜಾಗದಲ್ಲಿ ಕನ್ನಡ ಅಂಕಿ ಬಂದಿದೆ ಎಂದರೆ ಆ ಸಾಲು ಎಲ್ಲೋ ಕೆಟ್ಟಿದೆ ಎಂದೇ ಅರ್ಥ. ಅಲ್ಲಿ 0ಯಿಂದ 9ರವರೆಗಿನ ಅಂಕಿಗಳನ್ನಷ್ಟೇ ಒಪ್ಪಿ, ಉಳಿದುದಕ್ಕೆ ದೋಷವೆಂದು ಕೂಗಿ ಹೇಳುವುದು ಒಳ್ಳೆಯ ಪ್ರೋಗ್ರಾಂನ ಲಕ್ಷಣ.

ಖಾಲಿ ಮನೆಗಳ ಗತಿಯನ್ನೂ ನೋಡಬೇಕು. ಕನ್ನಡದ 128 ಮನೆಗಳಲ್ಲಿ 36 ಇನ್ನೂ ಖಾಲಿ. ಅವಕ್ಕೆ ವಯಸ್ಸಿಲ್ಲ. ಯಾವ ಸಾಲಿನಲ್ಲೂ ಹೆಸರಿಲ್ಲದ ಮನೆಗಳೆಲ್ಲ 'ಹಂಚಿಕೆಯಾಗದವು' ಎಂದು ವಯಸ್ಸಿನ ಕಡತ ಹೇಳುವುದು ಹ್ಯಾಶ್ ಗುರುತಿನಿಂದ ಆರಂಭವಾಗುವ ಒಂದು ಸಾಲಿನಲ್ಲಿ. ಟಿಪ್ಪಣಿಯೆಂದು ಬಗೆದು ಹ್ಯಾಶ್ ಸಾಲುಗಳನ್ನೆಲ್ಲ ಬಿಸಾಡುವ ಪ್ರೋಗ್ರಾಂ ಇದನ್ನೂ ಬಿಸಾಡುತ್ತದೆ. ವಯಸ್ಸಿಲ್ಲದವಕ್ಕೆ ಸೊನ್ನೆ ಎಂದು ತುಂಬಿದರಂತೂ ಅವು 1.1ಕ್ಕಿಂತಲೂ ಹಿರಿಯವಾಗಿ ಪ್ರತಿಯೊಂದು ಪರೀಕ್ಷೆಯನ್ನೂ ದಾಟಿಬಿಡುತ್ತವೆ. ಹಂಚಿಕೆಯಾಗದ ಮನೆ ಯಾವ ಆವೃತ್ತಿಗೂ ಸೇರದು. ಅದನ್ನು ಯಾವ ಸಂಖ್ಯೆಯೊಂದಿಗೂ ಹೋಲಿಸದೆ ಬೇರೆಯಾಗಿಯೇ ಇಡಬೇಕು. ವಯಸ್ಸನ್ನು ಹುಡುಕಾಟದ ನಮೂನೆಯಲ್ಲಿ ಬಳಸುವಾಗಲೂ ಒಂದು ನಿಯಮ ನೆನಪಿರಬೇಕು: ವಯಸ್ಸು 5.0 ಎಂದು ಕೇಳಿದರೆ 5.0ರಲ್ಲಿ ಬಂದ ಅಕ್ಷರಗಳಷ್ಟೇ ಅಲ್ಲ, ಅಲ್ಲಿಯವರೆಗೆ ಬಂದ ಎಲ್ಲವೂ ಸಿಗಬೇಕು ಎಂಬುದು ಯೂನಿಕೋಡ್‌ನ ಮಾರ್ಗಸೂಚಿ.

ಬರೆದ ಹೋಲಿಕೆ ಸರಿಯೇ ಎಂದು ನೋಡಲು ಕೆಲವು ಜೋಡಿಗಳು ಸಾಕು. 9.0ಕ್ಕಿಂತ 10.0 ಮುಂದಿನದಾಗಬೇಕು. 12.0 ಬಂದ ಎರಡೇ ತಿಂಗಳಿಗೆ, ಜಪಾನಿನ ಹೊಸ ಯುಗದ ಹೆಸರಿನ ಒಂದೇ ಅಕ್ಷರಕ್ಕಾಗಿ, 2019ರ ಮೇನಲ್ಲಿ ಹೊರಟ 12.1 ಅದಕ್ಕಿಂತ ಮುಂದಿನದಾಗಬೇಕು. 4.0ಕ್ಕಿಂತ 4.0.1 ಮುಂದಿನದು, 5.0 ಮತ್ತು 5.0.0 ಸಮ, ಕರಡು ತನ್ನ ಅಂತಿಮಕ್ಕಿಂತ ಹಿಂದಿನದು. ಇನ್ನೂ ಅಸ್ತಿತ್ವಕ್ಕೆ ಬಾರದ 17.10 ಮತ್ತು 17.9ರಂಥ ಜೋಡಿಯನ್ನೂ ಸೇರಿಸಿದರೆ ದಶಮಾಂಶದ ತಪ್ಪು ಈಗಲೇ ಸಿಕ್ಕಿಬೀಳುತ್ತದೆ. ಕೊನೆಗೆ 17.0ರ ವಯಸ್ಸಿನ ಕಡತವನ್ನು ಓದಿಸಿ, ಕನ್ನಡದ ಮನೆಗಳಲ್ಲಿ 15.0ರವರೆಗೆ ಬಂದ ಅಕ್ಷರಗಳೆಷ್ಟು ಎಂದು ಎಣಿಸಬೇಕು. 91 ಬಂದರೆ ಪ್ರೋಗ್ರಾಂ ಸರಿಯಿದೆ. 83 ಬಂದರೆ ಸಂಖ್ಯೆಗಳನ್ನು ಪಠ್ಯವಾಗಿ ಹೋಲಿಸಲಾಗುತ್ತಿದೆ. 127 ಬಂದರೆ ಹೋಲಿಕೆ ಸರಿಯಿದ್ದು, ಖಾಲಿ ಮನೆಗಳಿಗೆ ಸೊನ್ನೆ ತುಂಬಿದ ಸಾಲನ್ನು ತಿದ್ದಬೇಕಾಗಿದೆ.